ಸ್ಟೇರಿಂಗ್ ಅಣ್ಣನದು, ಬಂದೂಕು ತಮ್ಮನದು

ಬನಹಟ್ಟಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಪವರ್‌ಲೂಮ್ ನಡೆಸುವ ಅಣ್ಣತಮ್ಮಂದಿರಿದ್ದರು. ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸತರಲ್ಲಿ ಸೀರೆ ಮಾರಲು ಮುಂಬಯಿಗೆ ಹೋದವರು, ಬರುವಾಗ ಟ್ರಕ್ಕಿನಲ್ಲಿ ಒಂದು ವಿಡಿಯೋ ಗೇಮ್ ಯಂತ್ರ ಹೇರಿಕೊಂಡು ಬಂದರು. ಅಲ್ಲಿ ಮುಚ್ಚಿಹೋದ ಯಾವುದೋ ಅಂಗಡಿಯದು. ಕಪಾಟಿನಷ್ಟು ದೊಡ್ಡ ಪೆಟ್ಟಿಗೆ, ಅದರ ಮುಂದೆ ಇಬ್ಬರು ಕೂರುವ ಸೀಟು. ಎಡಕ್ಕೆ ಕೂತವನು ಕಾರು ಓಡಿಸಬೇಕು. ಬಲಕ್ಕೆ ಕೂತವನು ಪ್ಲಾಸ್ಟಿಕ್ ಬಂದೂಕು ಹಿಡಿದು ಪರದೆಯ ಮೇಲಿನ ಕಳ್ಳರಿಗೆ ಗುಂಡು ಹೊಡೆಯಬೇಕು. ಒಬ್ಬನೇ ಆಡಿ ಗೆಲ್ಲುವ ಆಟವಲ್ಲ.

ಅವರ ಮನೆಯ ಮುಂದಿನ ಖೋಲಿಯೇ ಆಟದ ಅಂಗಡಿಯಾಯಿತು. ರಬಕವಿಯಿಂದ, ಮಹಾಲಿಂಗಪುರದಿಂದ ಜನ ಬರುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು ಕೂತರೆ ನೋಡಬೇಕಿತ್ತು. ಹಿಂದೆ ಎರಡು ಟ್ರೇಲರ್ ಇದ್ದಂತೆ ಪ್ರತಿ ತಿರುವನ್ನೂ ಅಗಲವಾಗಿ ತೆಗೆದುಕೊಂಡು ಹೋಗಿ ಗೋಡೆಗೆ ಬಡಿಯುತ್ತಿದ್ದರು. ಕೊನೆಯವರೆಗೆ ಮುಟ್ಟುತ್ತಿದ್ದವರು ಆ ಅಣ್ಣತಮ್ಮಂದಿರಿಬ್ಬರೇ. ಅಣ್ಣ ಓಡಿಸುತ್ತಿದ್ದ, ತಮ್ಮ ಹೊಡೆಯುತ್ತಿದ್ದ.

ಮುಂದೆ ಮೊಬೈಲು ಬಂತು, ಆಡುವವರು ಕಡಿಮೆಯಾದರು. ಮನೆಯೂ ಪಾಲಾಯಿತು. ಮಗ್ಗಗಳನ್ನು ಸಮನಾಗಿ ಹಂಚಿದ ಹಿರಿಯರು ಈ ಯಂತ್ರದ ಮುಂದೆ ಬಂದು ನಿಂತರು. ಆ ಹೊತ್ತಿಗಾಗಲೇ ಮಾತಿಗೆ ಮಾತು ಬೆಳೆದಿತ್ತು. ಸ್ಕ್ರೂ ಬಿಚ್ಚಿ ಬಂದೂಕನ್ನು ವೈರಿನ ಸಮೇತ ಕಿತ್ತುಕೊಂಡ ತಮ್ಮ.

“ಹೊಡದಾಂವ ನಾ. ಇದು ನಂದು.”

“ಒಯ್ಯಿ, ಒಯ್ಯಿ. ಹೊಲದಾಗ ಕಾಗಿ ಹೊಡಿ” ಎಂದ ಅಣ್ಣ.

ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಅಲ್ಲಿಂದಾಚೆ ಇಬ್ಬರ ನಡುವೆ ಮಾತಿಲ್ಲ. ಅವರ ಹೆಂಡಂದಿರು ಮಾತ್ರ ಗೋಡೆಯ ಮೇಲಿಂದ ರೊಟ್ಟಿ, ಪಲ್ಲೆ, ಊರ ಸುದ್ದಿ ಎಲ್ಲವನ್ನೂ ಬದಲಾಯಿಸಿಕೊಳ್ಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಹೊಸ ಮಗ್ಗ ಹಾಕಲು ಅಣ್ಣನಿಗೆ ಯಂತ್ರವಿದ್ದ ಆ ಖೋಲಿ ಬೇಕಾಯಿತು. ಗುಜರಿಯವನು ಬಂದು ಬಂದು ಹೋಗುತ್ತಿದ್ದ. ಅಣ್ಣ ಏನೋ ನೆಪ ಹೇಳಿ ಅವನನ್ನು ಸಾಗಹಾಕುತ್ತಿದ್ದ. ನಾನಾಗ ಜಮಖಂಡಿಯಲ್ಲಿ ಪತ್ರಿಕೆಯ ವರದಿಗಾರ. ಒಂದು ದಿನ ಅಣ್ಣ ನನ್ನನ್ನು ಕರೆದು ಹೇಳಿದ: “ಒಡದ ಹಾಕೂದ ನೋಡಾಕ ಆಗೂದಿಲ್ಲರಿ. ಎಲ್ಲೆರ ಚಾಲೂ ಇರೂ ಜಾಗಾಕ್ಕ ಹೋಗ್ಲಿ.”

ಪರಿಚಯದವರನ್ನು ವಿಚಾರಿಸಿದಾಗ ಪುಣೆಯಲ್ಲಿ ಹಳೆಯ ಗೇಮ್ ಯಂತ್ರಗಳನ್ನು ಕೂಡಿಡುವವರೊಬ್ಬರು ಸಿಕ್ಕರು. ಇಬ್ಬರು ಕೂರುವ ಇಂಥ ಯಂತ್ರಗಳನ್ನು ಹೆಚ್ಚಿನವರು ಪಿಕ್ಚರ್ ಟ್ಯೂಬಿಗಾಗಿ ಒಡೆದುಹಾಕಿದ್ದಾರೆ, ಉಳಿದಿರುವುದು ಅಪರೂಪ ಎಂದರು. ಒಂದೇ ಷರತ್ತು: ಬಂದೂಕು ಅದರದೇ ಆಗಿರಬೇಕು. ಅದಿಲ್ಲದಿದ್ದರೆ ತಮಗೆ ಬೇಡ. ಭಾನುವಾರ ಬರುತ್ತೇನೆ ಎಂದರು.

“ಅಂವಗ ನಾ ಕೇಳಂಗಿಲ್ಲ” ಎಂದ ಅಣ್ಣ.

ಗೋಡೆಯ ಆ ಕಡೆ ಹೋದೆ. “ಕೊಡಾಕ ನಂದೇನ ಅಡ್ಡಿ ಇಲ್ಲರಿ. ಅಂವ ಬಂದ ಕೇಳ್ಲಿ” ಎಂದ ತಮ್ಮ.

ಕೊನೆಗೆ ಅಣ್ಣನ ಹೆಂಡತಿಯೇ ಗೋಡೆಯ ಬಳಿ ನಿಂತು ನೆಗೆಣ್ಣಿಯನ್ನು ಕರೆದರು.

“ಏ ತಂಗಿ, ಆ ಬಂದೂಕ ಐತೇನ ಇನ್ನಾ?”

“ಟ್ರಂಕಿನ್ಯಾಗ ಐತಿ ಅಕ್ಕಾ. ನನಗೂ ಮುಟ್ಟಾಕ ಕೊಡಂಗಿಲ್ಲ. ಒಯ್ಯೂದಾದ್ರ ತಾವೇ ತರ್ತಾರಂತ.”

“ತರ್ಲಿ. ಚಾ ಇಡ್ತೀನಂತ ಹೇಳ.”

ಭಾನುವಾರ ಪುಣೆಯವರು ಬಂದರು. ಬ್ಯಾಟರಿ ಹಿಡಿದು ಒಳಗಿನ ಬೋರ್ಡು, ಹಿಂದಿನ ತಗಡು, ಪಕ್ಕದ ಚಿತ್ರ ಎಲ್ಲ ನೋಡಿದರು. ಸೀಟಿನ ಹತ್ತಿರ ಬಂದಾಗ ಮುಖ ಸಣ್ಣದಾಯಿತು. ಹರಿದ ರೆಕ್ಸಿನ್ ತೆಗೆದು ಮನೆಯಲ್ಲೇ ನೇಯ್ದ ಪಟ್ಟೆಪಟ್ಟೆ ಬಟ್ಟೆ ಹೊಲಿದಿದ್ದರು. ಸ್ಟೇರಿಂಗಿನ ಒಳಗೆ ಮಗ್ಗದ ಸ್ಪ್ರಿಂಗ್ ಇತ್ತು. ಇದು ಮೂಲದ್ದಲ್ಲ ಎಂದು ಮರಾಠಿಯಲ್ಲಿ ಹೇಳಿದರು.

“ಮೂಲದ್ದು ಮುರದ ಹೋತ್ರಿ. ಇದು ಮುರಿಯಂಗಿಲ್ಲ” ಎಂದು ಅಣ್ಣ ನನ್ನ ಕಡೆ ತಿರುಗಿದ. ಅವರಿಗೆ ತಿಳಿಸಿ ಹೇಳಿ ಎಂಬಂತೆ.

ಅಷ್ಟರಲ್ಲಿ ತಮ್ಮ ಬಂದ. ಟವೆಲಿನಲ್ಲಿ ಸುತ್ತಿದ್ದ ಬಂದೂಕು ತೆಗೆದು, ಅಣ್ಣನ ಕಡೆ ನೋಡದೆ, ವೈರು ಜೋಡಿಸಿ ಸ್ಕ್ರೂ ಬಿಗಿದ. ಗುಂಡಿ ಒತ್ತಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ನೀಲಿ ಆಕಾಶ ಮೂಡಿತು, ಅದರ ಕೆಳಗೆ ರಸ್ತೆ, ಕಾರು. ಆಡಿ ತೋರಿಸಿ ಎಂದರು ಪುಣೆಯವರು. ಇಬ್ಬರೂ ಕೂತರು.

ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ನೇಕಾರರ ಮನೆಗಳಲ್ಲಿ ಕೈಸನ್ನೆ, ತುಟಿಯ ಚಲನೆಯಲ್ಲೇ ಮಾತು ನಡೆಯುತ್ತದೆ. ಇವರ ಆಟವೂ ಹಾಗೆಯೇ. ಅಣ್ಣ ಸ್ಟೇರಿಂಗಿನಿಂದ ಒಂದು ಬೆರಳೆತ್ತಿದರೆ ತಮ್ಮನ ಬಂದೂಕು ಎಡಕ್ಕೆ. ಗದ್ದ ಅಲುಗಿದರೆ ಬಲಕ್ಕೆ. ಒಂದು ಮಾತಿಲ್ಲದೆ ಪೇಟೆ ದಾಟಿದರು, ಸುರಂಗ ದಾಟಿದರು. ಪುಣೆಯವರು ಪರದೆ ಬಿಟ್ಟು ಅವರಿಬ್ಬರನ್ನೇ ನೋಡುತ್ತಿದ್ದರು. ಸೇತುವೆಯ ಮೇಲೆ ಲಾರಿಯೊಂದು ಅಡ್ಡ ಬಂದು ಕಾರು ಪುಡಿಯಾಯಿತು.

“ಎಲ್ಲಿ ನೋಡಾಕತ್ತಿದ್ದಿ ಲೇ?” ಎಂದ ಅಣ್ಣ.

“ನೀ ಕಣ್ಣ ಮುಚಗೊಂಡ ಲಾರಿ ಒಳಗ ಹೊಕ್ಕರ ನಾ ಯಾರಿಗೆ ಹೊಡೀಲಿ? ನಿನಗ ಹೊಡೀಲೇನು?”

ಅಡುಗೆಮನೆಯಲ್ಲಿ ನೆಗೆಣ್ಣಿಯರಿಬ್ಬರೂ ನಗುವುದು ಕೇಳಿಸಿತು. ಚಹಾ ಬಂತು. ಪುಣೆಯವರು ಯಂತ್ರ ಒಯ್ಯುತ್ತೇನೆ ಎಂದರು. ಸೀಟಿಗೆ ಹಳೆಯ ಮಾದರಿಯ ರೆಕ್ಸಿನ್ ಹಾಕಿಸುತ್ತಾರಂತೆ. ಸ್ಪ್ರಿಂಗ್ ಮಾತ್ರ ಇದೇ ಇರಲಿ ಎಂದರು. ಟೆಂಪೋಗೆ ಏರಿಸುವಾಗ ಹಗ್ಗ ಎಲ್ಲಿ ಬಿಗಿಯಬೇಕು ಎಂಬುದಕ್ಕೆ ಅಣ್ಣತಮ್ಮಂದಿರ ನಡುವೆ ಮತ್ತೊಂದು ಸುತ್ತು ಜಗಳವಾಯಿತು.

ಅವರು ಒಂದಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮಗ್ಗಗಳು ಬೇರೆಯೇ ಇವೆ, ಅಂಗಳದ ಗೋಡೆಯೂ ಇದೆ. ಕೆಲವು ವಾರಗಳ ನಂತರ ನಾನು ಅಲ್ಲಿದ್ದಾಗಲೇ ಪುಣೆಯಿಂದ ಫೋನ್ ಬಂತು. ಯಂತ್ರ ಚೆನ್ನಾಗಿ ನಡೆಯುತ್ತಿದೆ, ಆದರೆ ನಮ್ಮಲ್ಲಿ ಯಾರಿಗೂ ಆ ಸೇತುವೆ ದಾಟಲು ಆಗುತ್ತಿಲ್ಲ, ಹೇಗೆ ದಾಟುತ್ತಿದ್ದಿರಿ ಎಂದು ಕೇಳಿದರು. ಅಣ್ಣನ ಮುಖ ಅರಳಿತು. ತಡೆಯಿರಿ ಎಂದವನು ಗೋಡೆಗೆ ಹೋಗಿ ಕೂಗಿದ.

“ಲೇ, ಬಾ ಇಲ್ಲಿ. ಪುಣೇದವ್ರು ಸೇತುವಿ ಮ್ಯಾಗ ನಿಂತಾರ.”

ತಮ್ಮ ಬಂದ. ಫೋನನ್ನು ಸ್ಪೀಕರಿಗೆ ಹಾಕಿದರು. ಮೊದಲು ಬ್ರೇಕ್ ಹಿಡಿಯಬೇಕು ಎಂದ ಅಣ್ಣ. ಬ್ರೇಕ್ ಹಿಡಿದರೆ ಸತ್ತಂತೆ, ಮೊದಲು ಲಾರಿಯ ಗಾಲಿಗೆ ಹೊಡೆಯಬೇಕು ಎಂದ ತಮ್ಮ. ಪುಣೆಯವರು ಫೋನ್ ಇಟ್ಟ ಮೇಲೂ ಆ ವಾದ ನಿಲ್ಲಲಿಲ್ಲ.