ನಾಯಿಯ ಗಂಟಲು, ಕುರಿಗಾಹಿಯ ಗಂಟಲು

ರಾಜಧಾನಿ ಬಿಷ್ಕೆಕ್‌ನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪ್ರಯೋಗಾಲಯದಲ್ಲಿ ನಲವತ್ತಮೂರರ ಬುರುಲ್ಚಾ ಒಬ್ಬರೇ. ಮೇಣದಲ್ಲಿ ಹುದುಗಿಸಿದ ಗಡ್ಡೆಯ ಚೂರನ್ನು ಯಂತ್ರದ ಅಲಗಿಗೆ ಕೊಟ್ಟು, ಕೂದಲಿಗಿಂತ ತೆಳ್ಳಗೆ ಹೆರೆಯುತ್ತಾರೆ. ಆ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿಗೆ ಹತ್ತಿಸುತ್ತಾರೆ. ಜೋರಾಗಿ ಉಸಿರುಬಿಟ್ಟರೂ ಅದು ಮುದುಡುತ್ತದೆ. ದಿನಕ್ಕೆ ನಲವತ್ತು ಗಾಜು. ಶುರುವಿನಲ್ಲಿ ಮೂವತ್ತು ಹಾಳಾಗುತ್ತಿದ್ದವು.

"ಹದಿನೆಂಟು ವರ್ಷ ಕುದುರೆ ಹೊಟ್ಟೆಗೆ ತೋಳುದ್ದ ಕೈ ಹಾಕಿ ಮರಿ ಎಳೆದವಳು ನಾನು. ಈ ಕೈಗೆ ನಾಜೂಕು ಎಲ್ಲಿಂದ ಬರ್ಬೇಕು?" ಎಂದು ನಗುತ್ತಾರೆ.

ಬೆಟ್ಟಗಾಡಾದ ನರೀನ್ ಸೀಮೆಯ ಈ ಪಶುವೈದ್ಯೆ ಈಗ ಕ್ಯಾನ್ಸರ್ ಸಂಶೋಧನೆಯ ವಿದ್ಯಾರ್ಥಿನಿ. ಯಾಕೆಂದು ಕೇಳಿದರೆ ನಗು ಅಲ್ಲಿಗೇ ನಿಲ್ಲುತ್ತದೆ.

ಐದು ವರ್ಷದ ಹಿಂದೆ ಕುರಿಗಾಹಿ ಜಾಪರ್ ತಮ್ಮ ಬೇಟೆನಾಯಿಯನ್ನು ಕರೆತಂದರು. ಅದಕ್ಕೆ ಮಾಂಸ ನುಂಗಲಾಗುತ್ತಿರಲಿಲ್ಲ; ಗಂಟಲಲ್ಲಿ ಗಡ್ಡೆ. ಬುರುಲ್ಚಾ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ವಾರಕ್ಕೆ ಉತ್ತರ ಬಂತು: ಕ್ಯಾನ್ಸರ್. ಸುದ್ದಿ ತಿಳಿಸಲು ಗುಡ್ಡದ ಮೇಲಿನ ಅವರ ಡೇರೆಗೆ ಹೋದರು. ಜಾಪರ್ ಅವರ ಹೆಂಡತಿ ಸೈರಾ ರೊಟ್ಟಿ ಮುರಿದು ಎಲ್ಲರ ಮುಂದಿಟ್ಟರು. ಜಾಪರ್ ತಮ್ಮ ಚೂರನ್ನು ಚಹಾದಲ್ಲಿ ನೆನೆಸಿ, ಕುತ್ತಿಗೆ ಮುಂದೆ ಚಾಚಿ ನುಂಗಿದರು. ನಾಯಿಯೂ ಹೀಗೇ ನುಂಗುತ್ತಿತ್ತು.

"ಅಣ್ಣ, ಎಷ್ಟು ದಿನದಿಂದ ಹೀಗೆ?"

"ಹೋದ ಚಳಿಗಾಲದಿಂದ. ನನ್ನ ಬಿಡು ತಂಗಿ, ನಾಯಿ ಕಥೆ ಹೇಳು."

"ನಾಯಿಗಾದ್ರೆ ಬೆಟ್ಟ ಇಳಿದು ಓಡ್ತಾನೆ, ತನಗಾದ್ರೆ ಚಹಾ ಕುಡೀತಾನೆ!" ಸೈರಾ ಗೊಣಗಿದರು.

"ಏಳು ವರ್ಷ ಆ ಡೇರೆಗೆ ಹೋಗಿದ್ದೆ," ಎನ್ನುತ್ತಾರೆ ಬುರುಲ್ಚಾ. "ಅವರ ಒಂದೊಂದು ಕುರಿ ಹಲ್ಲೂ ನೋಡಿದ್ದೆ. ಎದುರಿಗೆ ಕೂತ ಮನುಷ್ಯನನ್ನ ನೋಡಿರ್ಲಿಲ್ಲ."

ಮರುದಿನವೇ ಆಸ್ಪತ್ರೆಗೆ ಕರೆದೊಯ್ದರು. ಅವರ ಗಂಟಲಲ್ಲೂ ಅದೇ ಕ್ಯಾನ್ಸರ್; ಕಾಲ ಮಿಂಚಿತ್ತು. ಮೊದಲ ಹಿಮ ಬೀಳುವ ಮುನ್ನ ಜಾಪರ್ ತೀರಿಹೋದರು.

ಬುರುಲ್ಚಾ ಓದಲು ಸೇರಿದಾಗ ಸೈರಾರ ಒಪ್ಪಿಗೆ ಪಡೆದು, ನಾಯಿಯ ಗಡ್ಡೆಯದೂ ಜಾಪರ್ ಅವರ ಗಡ್ಡೆಯದೂ ಎರಡೂ ಗಾಜುಗಳನ್ನು ತಂದರು. ಗುರುಗಳು ಹೆಸರು ಮುಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟು, ನಾಯಿಯದು ಯಾವುದೆಂದು ಕೇಳಿದರು. ಬುರುಲ್ಚಾ ಧೈರ್ಯವಾಗಿ ಎಡಗಡೆಯದನ್ನು ತೋರಿಸಿದರು. ಗುರುಗಳು ಹೆಸರಿನ ಮೇಲಿನ ಪಟ್ಟಿ ಕಿತ್ತರು.

"ಅದು ಜಾಪರ್ ಅಣ್ಣಂದು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ್ಬಿಟ್ಟೆ."

ಈವರೆಗೆ ಅರವತ್ತೊಂದು ನಾಯಿಗಳ ಗಡ್ಡೆ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಒಂಬತ್ತು ನಾಯಿಗಳ ಮನೆಯಲ್ಲಿ ಮನುಷ್ಯರಿಗೂ ಅದೇ ರೋಗ. ಹೊಗೆಯೋ, ನೀರೋ, ಬರೀ ಕಾಕತಾಳೀಯವೋ, ಇನ್ನೂ ಗೊತ್ತಿಲ್ಲ. ಆ ಒಂಬತ್ತು ಮನೆಗಳ ರೋಗಿಗಳಲ್ಲಿ ಮೂವರು ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಸೇರಿ ಬದುಕಿದ್ದಾರೆ.

ಓದು ಮುಗಿದ ಮೇಲೆ?

"ನರೀನ್‌ಗೇ ವಾಪಸ್. ನಮ್ಮ ಜನ ತಮಗೋಸ್ಕರ ಡಾಕ್ಟರ ಹತ್ರ ಬರಲ್ಲ, ನಾಯಿಗೋಸ್ಕರ ಬರ್ತಾರೆ. ಬರ್ಲಿ. ನಾಯಿ ನೋಡಿ ಆದ್ಮೇಲೆ, 'ಈಗ ನೀವು ಬಾಯಿ ತೆಗೀರಿ' ಅಂತೀನಿ."