ಎರಡು ಬಲಗೈಯ ತಾಯಿ

ಪೊಂಪೀಲಿಯೊ ಕೆಟ್ಟ ಚಿತ್ರಗಾರನೇನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ಕಣಿವೆಯಲ್ಲಿ ಅವನ ಹೆಸರು ಉಳಿದಿರುವುದು ಅವನು ಬರೆದ ಅತಿ ಕೆಟ್ಟ ಕೈಯಿಂದ.

ಲಮೋನೆ ಹೊಳೆಯ ಸೇತುವೆ ಪಕ್ಕದ ಗೋಡೆಯ ಮೇಲೆ ಮಗುವನ್ನೆತ್ತಿಕೊಂಡ ಮಾತೆ ಮರಿಯಳನ್ನು ಬರೆಯುವಾಗ ಅವನಿಗಿನ್ನೂ ಮದುವೆಯಾಗಿರಲಿಲ್ಲ. ಬೊಲೋನ್ಯ ನಗರದ ದೊಡ್ಡ ಚಿತ್ರಶಾಲೆಯಲ್ಲಿ ಕೆಲಸ ಗೊತ್ತಾಗಿತ್ತು. ಇದೊಂದು ಮುಗಿಸಿ ಹೊರಡಲು ಗಂಟುಮೂಟೆ ಕಟ್ಟಿಟ್ಟಿದ್ದ. ಗೋಡೆಗೆ ಮೆತ್ತಿದ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಹಿಡಿಯುವುದಿಲ್ಲ. ಆ ದಿನ ಬಿಸಿಗಾಳಿ ಎದ್ದು ಗಾರೆ ಸರಸರನೆ ಒಣಗತೊಡಗಿತು. ಅವಸರದಲ್ಲಿ ತಾಯಿಯ ಎಡಗೈಯ ಹೆಬ್ಬೆರಳು ತಪ್ಪು ಬದಿಗೆ ಬಿತ್ತು. ದೂರ ನಿಂತು ನೋಡಿದರೆ ಎಡತೋಳಿನ ತುದಿಗೆ ಬಲಗೈ! ನಾಳೆ ಅಷ್ಟು ಗಾರೆಯನ್ನು ಉಳಿಯಿಂದ ಕಿತ್ತು ಹೊಸದಾಗಿ ಬರೆದರಾಯಿತು ಎಂದುಕೊಂಡು ಮನೆಗೆ ಹೋದ. ಈ ಕಸುಬಿನವರೆಲ್ಲ ಮಾಡುವುದೇ ಹಾಗೆ.

ಅಷ್ಟರಲ್ಲಿ ಬೆಟ್ಟದ ಮೇಲೆ ಮಳೆ ಸುರಿದು ಹೊಳೆ ಉಕ್ಕಿತು. ಬೀದಿಗೆ ನುಗ್ಗಬೇಕಿದ್ದ ನೀರು ತಾಯಿಯ ಪಾದದವರೆಗೆ ಬಂದು ಅಲ್ಲೇ ನಿಂತು ಇಳಿಯಿತು. ಬೆಳಿಗ್ಗೆ ಉಳಿ ಸುತ್ತಿಗೆ ಹಿಡಿದು ಬಂದವನ ಮುಂದೆ ಊರಿಗೆ ಊರೇ ಮಂಡಿಯೂರಿತ್ತು.

"ಸ್ವಲ್ಪ ಜಾಗ ಬಿಡಿ, ಆ ಕೈ ತಪ್ಪಾಗಿದೆ," ಎಂದ.

ಕಟುಕ ಬಾರ್ತೊಲೊ ಅವನ ಉಳಿಯನ್ನೇ ಕಿತ್ತುಕೊಂಡ. "ತಪ್ಪಿರೋದು ನಿನ್ ತಲೇಲಿ. ಎರಡೂ ಬಲಗೈ ಆಗಿರೋದಕ್ಕೇ ತಾಯಿ ಅಷ್ಟು ನೀರು ತಡೆದಿದ್ದು!"

ಮುಂದಿನ ಭಾನುವಾರ ಪಾದ್ರಿಗಳು ಚರ್ಚಿನಲ್ಲಿ ಅದನ್ನೇ ಪ್ರವಚನ ಮಾಡಿದರು. ಬಾರ್ತೊಲೊ ಮಾತೆಯ ಸಂಘ ಕಟ್ಟಿ ತಾನೇ ಯಜಮಾನನಾದ. ಮನೆಮನೆಯವರಿಗೂ ಹಲಗೆಯ ಮೇಲೆ ಅದೇ ತಾಯಿ ಬೇಕು, ಅದೂ ಬರೆದವನ ಕೈಯಿಂದಲೇ ಬೇಕು. ಬೊಲೋನ್ಯ ಮುಂದಿನ ತಿಂಗಳಿಗೆ ಹೋಯಿತು, ಆಮೇಲೆ ಮುಂದಿನ ವರ್ಷಕ್ಕೆ. ಮದುವೆಯಾಯಿತು, ಮಗಳು ತೇಯ ಹುಟ್ಟಿದಳು. ಗಂಟುಮೂಟೆ ಯಾವಾಗ ಬಿಚ್ಚಿದ್ದೆಂದು ಅವನಿಗೇ ನೆನಪಿಲ್ಲ.

ಒಮ್ಮೆ ಕದ್ದುಮುಚ್ಚಿ ಕೈಯನ್ನು ಸರಿಯಾಗಿ ಬರೆದುಕೊಟ್ಟ. ರೊಟ್ಟಿ ಸುಡುವವನ ಹೆಂಡತಿ ಸಂಜೆಯೊಳಗೆ ಹಲಗೆ ವಾಪಸ್ ತಂದಳು. "ಇವಳ್ಯಾರೋ ಬೇರೆಯವಳು ಮೇಸ್ತ್ರಿ. ನಮ್ಮ ತಾಯೀನ ಕೊಡಿ."

"ನಿನ್ನ ಅಂಗಡೀಲಿ ನಾಲ್ಕೂ ಬಲಗಾಲಿರೋ ಹಂದಿ ಬಂದ್ರೆ ಮಾರ್ತೀಯೇನಯ್ಯ?" ಎಂದು ಪೊಂಪೀಲಿಯೊ ಆ ಸಿಟ್ಟಿನಲ್ಲಿ ಕಟುಕ ಬಾರ್ತೊಲೊನ ಮೇಲೆ ಹರಿಹಾಯ್ದ.

"ಅದು ಹೊಳೆ ನಿಲ್ಲಿಸಿದ್ರೆ ಮಾರಲ್ಲಪ್ಪ, ಕೈ ಮುಗೀತೀನಿ."

ಅವನಿಗೆ ಉಳಿದದ್ದು ಒಂದೇ ಆಸೆ. ಸಾಯುವ ಮುಂಚೆ, ಅದೇ ಗೋಡೆಯ ಮೇಲೆ, ಆ ಕೈಯನ್ನು ಒಮ್ಮೆ ಸರಿಯಾಗಿ ಬರೆಯಬೇಕು. ತಲೆ ನರೆತರೂ ಅದು ನರೆಯಲಿಲ್ಲ.

ಕಡೆಗೆ ಒಂದು ಚಳಿಗಾಲ ಹಿಮ ಕಚ್ಚಿ ಗೋಡೆ ಬಿರಿಯಿತು. ಬಿದ್ದದ್ದು ಸರಿಯಾಗಿ ಆ ಕೈಯೇ! ಸಂಘದವರು ಗೋಳಾಡುತ್ತ ಅವನ ಬಾಗಿಲಿಗೆ ಬಂದರು. ಪೊಂಪೀಲಿಯೊ ಮುಖ ಗಂಭೀರವಾಗಿಟ್ಟುಕೊಳ್ಳಲು ಪಟ್ಟ ಪಾಡು ದೇವರಿಗೇ ಗೊತ್ತು. ವಸಂತ ಬರುತ್ತಲೇ ಗೋಡೆಗೆ ಪರದೆ ಕಟ್ಟಿಸಿ, ಯಾರೂ ಒಳಗೆ ಬರಕೂಡದೆಂದು ಹೇಳಿ, ಹಸಿ ಗಾರೆಯ ಮೇಲೆ ಕೈ ಬರೆದ. ಮಗುವಿನ ಪಕ್ಕೆಯನ್ನು ಮೆಲ್ಲಗೆ ಒತ್ತಿ ಹಿಡಿದ ಎಡಗೈ. ಬೊಲೋನ್ಯದವರೂ ಬಂದು ನೋಡಬೇಕು, ಅಂಥದ್ದು.

ಮಧ್ಯಾಹ್ನ ತೇಯ ಊಟ ತಂದಳು. ತುಂಬಿದ ಬಸುರಿ, ಹಿಂದಿನ ಎರಡು ಕೂಸುಗಳೂ ಉಳಿದಿರಲಿಲ್ಲ. ಅವಳು ಬಹಳ ಹೊತ್ತು ಗೋಡೆಯನ್ನೇ ನೋಡಿದಳು.

"ಚೆಂದ ಇದೆ ಅಪ್ಪ. ಆದ್ರೆ ಯಾರ ಕೈ ಇದು?"

"ತಾಯೀದೇ ಕಣೆ. ಅವತ್ತು ನಾನು ಬರೀಬೇಕಾಗಿದ್ದು."

"ಎರಡು ಮಕ್ಕಳನ್ನ ಮಣ್ಣು ಮಾಡ್ದಾಗ್ಲೂ ಆ ಕೈ ನೋಡ್ಕೊಂಡೇ ಅತ್ತಿದೀನಿ. ಇವಳಿಗೆ ನನ್ ವಿಷಯ ಏನೂ ಗೊತ್ತಿಲ್ಲ. ನೋವು ಬಂದಾಗ ಯಾರನ್ನ ಕರೀಲಿ?"

"ಅದು ಬರೀ ತಪ್ಪು ಕಣೇ! ಗಾರೆ ಒಣಗ್ತು, ಕೈ ತಪ್ತು, ಅಷ್ಟೇ!" ಅವನ ಕೂಗು ಪರದೆಯಾಚೆಗೂ ಕೇಳಿಸಿರಬೇಕು.

"ಇರ್ಬೋದು," ಎಂದಳು ತೇಯ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಣ್ಣದ ತೊಟ್ಟಿಯ ಅಂಚಿನಲ್ಲಿ ಕುಳಿತಳು. ಅವಳ ಮುಖದಲ್ಲಿದ್ದ ಹೆದರಿಕೆಯನ್ನು ಅವನು ನೋಡಬಾರದಿತ್ತು, ನೋಡಿಬಿಟ್ಟ.

ಗಾರೆ ಇನ್ನೂ ಹಸಿಯಾಗಿತ್ತು. ಪೊಂಪೀಲಿಯೊ ಕರಣೆ ತೆಗೆದುಕೊಂಡು ತನ್ನ ಜೀವಮಾನದ ಅತಿ ಒಳ್ಳೆಯ ಕೈಯನ್ನು ಮಣಿಕಟ್ಟಿನಿಂದ ಕೆಳಕ್ಕೆ ಕೆರೆದು ಹಾಕಿದ. ಹೊಸ ಗಾರೆ ಮೆತ್ತಿ ಹಳೆಯ ಕೈಯನ್ನು ಬರೆದ. ಕಷ್ಟವೇನೂ ಆಗಲಿಲ್ಲ, ಕಣ್ಣು ಮುಚ್ಚಿದ್ದರೂ ಬರುತ್ತಿತ್ತು.

ಪರದೆ ಸರಿಸಿದಾಗ ಜನ ಹೋ ಎಂದರು. "ಹಾಗೇ ಇದೆ! ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ!" ಮುದುಕ ಬಾರ್ತೊಲೊ ಕಣ್ಣೊರೆಸಿಕೊಂಡು ಅವನನ್ನು ತಬ್ಬಿದ. "ನೀನಲ್ದೆ ಇನ್ಯಾರಿಗೆ ಬರುತ್ತೆ ಮೇಸ್ತ್ರಿ ಇದು!"

ತೇಯ ಆಗಲೇ ಗೋಡೆಯ ಮುಂದೆ ಮಂಡಿಯೂರಿದ್ದಳು. ಪೊಂಪೀಲಿಯೊ ಕುಂಚಗಳನ್ನು ತೊಳೆಯಲು ಹೊಳೆಗಿಳಿದ. ಇಷ್ಟು ವರ್ಷ ಅದು ಕೈತಪ್ಪಿ ಆದದ್ದೆಂದು ಎದುರು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಇನ್ನು ಅದನ್ನೂ ಹೇಳುವಂತಿಲ್ಲ. ಈ ಸಲ ಬೇಕೆಂದೇ ಬರೆದಿದ್ದ.