ಕಾರ್ಕಳದಲ್ಲಿ ಕಳೆದುಹೋದ ಡ್ರೈವರು

ಕಾಪುವಿನ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತಷ್ಟೆ. ಅರವತ್ತರ ದಶಕದ ಶುರು. ಮನೆಯ ಗಂಡಸರಿಲ್ಲದೆ ಹೆಣ್ಣುಮಕ್ಕಳು ಕಾರು ಮಾಡಿಕೊಂಡು ತಿರುಗಾಡುವುದೆಂದರೆ ಊರವರು ಹುಬ್ಬೇರಿಸುತ್ತಿದ್ದ ಕಾಲ. ಆದರೂ ದಸರಾ ರಜೆಯಲ್ಲಿ ಕಾರ್ಕಳದ ಬಸದಿಗಳನ್ನು ನೋಡಲು ನಾವು ಮೂವರು ಟೀಚರುಗಳು ಹೊರಟೇಬಿಟ್ಟೆವು. ಚರಿತ್ರೆ ಕಲಿಸುವವಳು, ಶಿರ್ವದಿಂದ ಬರುತ್ತಿದ್ದ ಹೊಲಿಗೆ ಟೀಚರು, ಮತ್ತು ನಾನು. ಅಪ್ಪ ಒಪ್ಪಿದ್ದು ಡ್ರೈವರನ್ನು ನೋಡಿ. ಅವರು ಐವತ್ತು ದಾಟಿದವರು, ಅಪ್ಪನಿಗೆ ಗುರುತಿನವರು, ಮಾತು ಬಹಳ ಕಡಿಮೆ.

"ಕತ್ತಲಾಗುವ ಮೊದಲು ಮನೆ ಸೇರಬೇಕು" ಎಂದಷ್ಟೇ ಅಪ್ಪ ಹೇಳಿದರು.

ಕಾರು ಹೊರಟದ್ದೇ ನಮಗೆ ನಗು ಹತ್ತಿಕೊಂಡಿತು. ಹಾರನ್ನು ಹೊಡೆದರೆ ನಗು, ಎಮ್ಮೆ ಅಡ್ಡ ಬಂದರೆ ನಗು. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡಿದ್ದ ಬುತ್ತಿಯನ್ನು ಬೆಳ್ಮಣ್ಣು ದಾಟುವ ಮೊದಲೇ ತಿಂದು ಮುಗಿಸಿದೆವು. ಡ್ರೈವರು ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಚತುರ್ಮುಖ ಬಸದಿಯ ಬಂಡೆಯ ಕೆಳಗೆ ಕಾರು ನಿಲ್ಲಿಸಿ ಅವರು ಬಾನೆಟ್ಟು ಒರೆಸತೊಡಗಿದರು.

"ನೀವು ಬರುವುದಿಲ್ವಾ?" ಎಂದು ಹೊಲಿಗೆ ಟೀಚರು ಕೇಳಿದಳು.

"ಕಾರು ಯಾರು ನೋಡುವುದು? ಎಂಟು ವರ್ಷದಿಂದ ಜನರನ್ನು ಕರೆದುಕೊಂಡು ಬರುತ್ತೇನೆ. ಒಳಗೆ ಹೋದವನಲ್ಲ."

"ಎಂಟು ವರ್ಷವಾ! ಕಾರು ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ರೆ, ಬನ್ನಿ."

ಆಕೆಯ ಒತ್ತಾಯಕ್ಕೆ ಮಣಿದು, ಎರಡೆರಡು ಸಲ ಬಾಗಿಲಿನ ಬೀಗ ಎಳೆದು ನೋಡಿ, ಅವರು ನಮ್ಮ ಹಿಂದೆ ಮೆಟ್ಟಿಲು ಹತ್ತಿದರು. ಎದುರಿನ ಗುಡ್ಡದ ಮೇಲೆ ನಿಂತ ಗೋಮಟನನ್ನು ಒಮ್ಮೆ ನೋಡಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಆ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು, ಪ್ರತಿ ಬಾಗಿಲಿನ ಎದುರೂ ಒಂದೇ ಥರ ನಿಂತ ಮೂರು ತೀರ್ಥಂಕರರು. ಡ್ರೈವರು ಬಾಯಿ ತೆರೆದು ಕಂಬಗಳನ್ನು ನೋಡುತ್ತಾ ಸುತ್ತು ಹಾಕತೊಡಗಿದರು. ಚರಿತ್ರೆಯ ಟೀಚರು ವಿವರಿಸುತ್ತಿದ್ದಂತೆ ಅವರು ಯಾವಾಗ ಹೊರಗೆ ಹೋದರೋ ಗೊತ್ತಾಗಲಿಲ್ಲ. ಕೂಗು ಮಾತ್ರ ಕೇಳಿಸಿತು.

"ಟೀಚರೇ! ಬೇಗ ಬನ್ನಿ! ಚಪ್ಪಲಿ ಇಲ್ಲ, ಕಾರು ಇಲ್ಲ... ಎದುರಿನ ಗುಡ್ಡದ ಗೋಮಟನೂ ಇಲ್ಲ!"

ಓಡಿಹೋಗಿ ನೋಡಿದರೆ ಅವರು ಹಿಂಬದಿಯ ಬಾಗಿಲಲ್ಲಿ ತಲೆಗೆ ಕೈ ಹೊತ್ತು ನಿಂತಿದ್ದರು. ಹೊಲಿಗೆ ಟೀಚರು ನಗು ತಾಳಲಾಗದೆ ನೆಲದ ಮೇಲೇ ಕುಳಿತಳು. ನಾನು ಅವರನ್ನು ಒಳಗಿನಿಂದಲೇ ಕರೆದುಕೊಂಡು ಹೋಗಿ ನಾವು ಬಂದ ಬಾಗಿಲಲ್ಲಿ ನಿಲ್ಲಿಸಿದೆ. ಚಪ್ಪಲಿ ಅಲ್ಲೇ ಇತ್ತು, ಕಾರು ಕೆಳಗೆ ಇತ್ತು, ಗುಡ್ಡದ ಮೇಲೆ ಗೋಮಟ ನಿಂತಿದ್ದ. ಅವರಿಗೆ ಬೇಸರವಾಯಿತೇನೋ ಎಂದು ನನಗೆ ಅಳುಕು. ಅವರೋ ಚಪ್ಪಲಿಯನ್ನೊಮ್ಮೆ, ಕಾರನ್ನೊಮ್ಮೆ ನೋಡಿ, ಭುಜ ಕುಲುಕುವಂತೆ ನಗತೊಡಗಿದರು. ಆಮೇಲೆ ನಾಲ್ಕೂ ಬಾಗಿಲುಗಳಿಂದ ಒಂದೊಂದಾಗಿ ಹೊರಗೆ ಬಂದು, "ಇಲ್ಲಿ ಕಾರು ಉಂಟು! ಇಲ್ಲಿ ಇಲ್ಲ!" ಎಂದು ಕೂಗಿದರು.

ಮತ್ತೆ ಅವರನ್ನು ಹಿಡಿಯುವವರಿಲ್ಲ. ಗೋಮಟನ ಗುಡ್ಡವನ್ನು ನಮಗಿಂತ ಮೊದಲು ಹತ್ತಿದರು. ಇಳಿದು ಬಂದವರೇ, "ವರಂಗದಲ್ಲಿ ಕೆರೆಯ ನಡುವೆ ಒಂದು ಬಸದಿ ಉಂಟು, ದಡದಿಂದ ನೋಡಿದ್ದೇನೆ. ಅಲ್ಲಿಗೂ ಹೋಗುವ" ಎಂದರು.

"ಕತ್ತಲಾಗುವುದಿಲ್ವಾ?" ಎಂದೆ.

"ನಿಮ್ಮ ಅಪ್ಪನಿಗೆ ನಾನು ಹೇಳುತ್ತೇನೆ."

ಹೋದೆವು. ದೋಣಿ ಅಲುಗಿದಾಗಲೆಲ್ಲ ನಾವು ಮೂವರು ಚೀರಿದೆವು. ಡ್ರೈವರು ಮಾತ್ರ ಮುಂದೆ ಕುಳಿತು, ನೀರಿಗೆ ಕೈ ಇಳಿಬಿಟ್ಟು, ಬಸದಿ ಹತ್ತಿರವಾಗುವುದನ್ನೇ ನೋಡುತ್ತಿದ್ದರು.

ಕಾಪು ಮುಟ್ಟಿದಾಗ ಮನೆಗಳಲ್ಲಿ ದೀಪ ಹಚ್ಚಿಯಾಗಿತ್ತು. ಅಪ್ಪ ಗೇಟಿನ ಬಳಿ ನಿಂತಿದ್ದರು. ಆದರೆ ಅಪ್ಪ ಬಾಯಿ ತೆರೆಯುವ ಮೊದಲೇ ಡ್ರೈವರು ಇಳಿದು, ಕಂಬ, ಬಾಗಿಲು, ಕೆರೆ, ದೋಣಿ ಎಂದು ಶುರು ಮಾಡಿದರು. ಅಮ್ಮ ಕಾಫಿ ತಂದುಕೊಟ್ಟರು. ಲೋಟ ಖಾಲಿಯಾದರೂ ಮಾತು ಮುಗಿಯಲಿಲ್ಲ. ಅಪ್ಪ ಕೊನೆಗೆ ಜಗಲಿಗೆ ಇನ್ನೊಂದು ಕುರ್ಚಿ ತರಿಸಿ, "ಕೂತುಕೊಂಡು ಹೇಳಿ" ಎಂದರು.